ಏರಿನಲ್ಲಿ ಗಾಡಿಗೆ ಉಸಿರು ಸಾಲದಿದ್ದಾಗ

ಪ್ರಶ್ನೆ: ನನ್ನದು ಹಳೆಯ ಫೋರ್ ಬೈ ಫೋರ್. 2.5 ಲೀಟರ್ ಡೀಸೆಲ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಕೆಳಗೆ ಚೆನ್ನಾಗಿಯೇ ಓಡುತ್ತದೆ. 3,000 ಮೀಟರ್ ಎತ್ತರದ ಬೆಟ್ಟಗಳಿಗೆ ಹೋದರೆ ಮಾತ್ರ ಮೂರನೇ ಗೇರ್ ನಿಲ್ಲುವುದೇ ಇಲ್ಲ. ಎರಡನೆಯದರಲ್ಲೂ ಏದುಸಿರು, ಹಿಂದೆ ಕಪ್ಪು ಹೊಗೆ. ಹೋದ ವರ್ಷ 29 ಇಂಚಿನ ಟಯರ್ ತೆಗೆದು 33 ಇಂಚಿನದು ಹಾಕಿಸಿದ್ದೇನೆ. ಡೀಸೆಲ್ ಪಂಪ್ ಜಾಸ್ತಿ ಮಾಡಿಸು ಅಂತ ಒಬ್ಬರು ಹೇಳುತ್ತಾರೆ, ಟರ್ಬೊ ಹಾಕಿಸು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಪಕ್ಕಕ್ಕಿಡಿ. ಮೊದಲು ನಿಮ್ಮ ಗಾಡಿಯ ಶಕ್ತಿ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕೋಣ.

ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆಜಿ ಗಾಳಿ ಬೇಕು. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ 1.2 ಕೆಜಿ ತೂಗುತ್ತದೆ. 3,000 ಮೀಟರ್ ಮೇಲೆ ಅದೇ ಗಾಳಿ 0.9 ಕೆಜಿ ಮಾತ್ರ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಗಾತ್ರ ಎರಡೂ ಕಡೆ ಒಂದೇ, ತೂಕ ಮಾತ್ರ ಕಾಲು ಭಾಗ ಕಡಿಮೆ. ಹಾಗಾಗಿ ಕೆಳಗೆ 80 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 60ರ ಹತ್ತಿರ ನಿಲ್ಲುತ್ತದೆ. ಇದು ಯಾರ ತಪ್ಪೂ ಅಲ್ಲ, ರಿಪೇರಿ ಮಾಡುವಂಥದ್ದೂ ಅಲ್ಲ.

ಈಗ ಟಯರ್ ವಿಷಯ. 29ರಿಂದ 33ಕ್ಕೆ ಹೋದಾಗ ಚಕ್ರದ ಅಳತೆ 14 ಶೇಕಡಾ ದೊಡ್ಡದಾಯಿತು. ಅಂದರೆ ನಿಮ್ಮ ಪ್ರತಿ ಗೇರೂ ಅಷ್ಟೇ ಭಾರವಾಯಿತು. ಎರಡನ್ನೂ ಸೇರಿಸಿ ನೋಡಿ. ಹಳೆ ಟಯರಿನಲ್ಲಿ, ಕೆಳಗೆ, ನೆಲದ ಮೇಲೆ 100 ಕೆಜಿ ಬಲ ಹಾಕುತ್ತಿದ್ದ ಗಾಡಿ ಈಗ ಬೆಟ್ಟದ ಮೇಲೆ 65 ಕೆಜಿಯಷ್ಟು ಹಾಕುತ್ತಿದೆ. ಮೂರನೇ ಗೇರ್ ನಿಲ್ಲದೆ ಇರುವುದಕ್ಕೆ ಇಷ್ಟೇ ಕಾರಣ ಸಾಕು.

ಗಾಳಿಯಿಂದ ಹೋದದ್ದನ್ನು ಸುಲಭವಾಗಿ ವಾಪಸ್ ತರಲಾಗುವುದಿಲ್ಲ. ಟಯರಿನಿಂದ ಹೋದದ್ದನ್ನು ಪೂರ್ತಿ ತರಬಹುದು. ಒಂದೋ ಹಳೆ ಅಳತೆಯ ಟಯರಿಗೆ ಹೋಗಿ, ಇಲ್ಲವೇ ಕ್ರೌನ್ ಪಿನಿಯನ್, ಅಂದರೆ ಆಕ್ಸಲ್ಲಿನೊಳಗೆ ಚಕ್ರ ತಿರುಗಿಸುವ ಗೇರ್ ಜೋಡಿ, ಬದಲಿಸಿ. ಈಗ ಅದರ ಅನುಪಾತ 3.73 ಇದ್ದರೆ 4.27 ಹಾಕಿಸಿ, ಆ 14 ಶೇಕಡಾ ಪೂರ್ತಿ ವಾಪಸ್ ಬರುತ್ತದೆ. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಒಂದೇ ಅನುಪಾತದ್ದು ಹಾಕಿಸಬೇಕು. ಒಂದಕ್ಕೆ ಮಾತ್ರ ಹಾಕಿಸಿ ಫೋರ್ ವೀಲ್ ಹಾಕಿದರೆ ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು. ನಿಮ್ಮ ಗಾಡಿಯ ಲೋ ಗೇರ್ ಲಿವರ್, ಅಂದರೆ ಎಲ್ಲ ಗೇರುಗಳನ್ನೂ ನಿಧಾನ ಮಾಡಿ ಬಲ ಹೆಚ್ಚಿಸುವ ಆ ಸಣ್ಣ ಲಿವರ್, ಕೊನೆಗೆ ಎಳೆದದ್ದು ಯಾವಾಗ?

ನಾನು 28 ವರ್ಷ ಗ್ಯಾರೇಜ್ ನಡೆಸಿದವನು. ಒಮ್ಮೆ ಒಬ್ಬರು ಇದೇ ದೂರು ಹೊತ್ತು ಬಂದರು. ಎಂಜಿನ್ ಇಳಿಸಿ ದೊಡ್ಡ ಎಂಜಿನ್ ಕೂರಿಸಬೇಕು ಅಂತ ತೀರ್ಮಾನವೇ ಮಾಡಿಕೊಂಡಿದ್ದರು. ಸಣ್ಣ ಲಿವರ್ ಹಿಡಿದು ಎಳೆದೆ, ಅಲ್ಲಾಡಲಿಲ್ಲ. ಗಾಡಿ ಕೆಳಗೆ ಮಲಗಿ ನೋಡಿದರೆ ಲಿಂಕೇಜಿನ ಪಿನ್ನು ಕೆಸರು ಕಚ್ಚಿಕೊಂಡು ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಎಣ್ಣೆ ಬಿಟ್ಟು, ತಟ್ಟಿ, ಮತ್ತೆ ಎಣ್ಣೆ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಬಿಡಿಸಿದೆ. ಆಮೇಲೆ ಅವರನ್ನೇ ಕೂರಿಸಿಕೊಂಡು ಒಂದು ಕಡಿದಾದ ಏರಿಗೆ ಹೋದೆ. ಲೋ ಹಾಕಿ, ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಅರ್ಧದಷ್ಟೂ ಒತ್ತದೆ ಹತ್ತಿಸಿದೆ. ಅವರು ಏನೂ ಮಾತಾಡಲಿಲ್ಲ, ಸುಮ್ನೆ ಆ ಲಿವರನ್ನೇ ನೋಡುತ್ತಿದ್ದರು. ಒಂಬತ್ತು ವರ್ಷದಿಂದ ಅದು ಅವರ ಎಡಗಾಲಿನ ಪಕ್ಕದಲ್ಲೇ ಇತ್ತು.

ಲೋ ಅನುಪಾತ ಹೆಚ್ಚಿನ ಗಾಡಿಗಳಲ್ಲಿ 2ರಿಂದ 2.7ರವರೆಗೆ ಇರುತ್ತದೆ. 2.5 ಅಂತ ಇಟ್ಟುಕೊಳ್ಳಿ. ಅದೇ ಎಂಜಿನ್, ಅದೇ ಗಾಳಿ, ಚಕ್ರದ ಬಲ ಮಾತ್ರ ಎರಡೂವರೆ ಪಟ್ಟು. ಇಷ್ಟು ಕೊಡುವ ಟರ್ಬೊ ನಾನು ನೋಡಿಲ್ಲ. ವೇಗ ಹೋಗುತ್ತದೆ, ನಿಜ. ಆದರೆ ಕಲ್ಲು ದಾರಿಯಲ್ಲಿ ನಿಮಗೆ ವೇಗ ಬೇಕಿಲ್ಲ ಅಲ್ವಾ? ಒಂದು ಎಚ್ಚರಿಕೆ: ಒಣ ಡಾಂಬರು ರಸ್ತೆಯಲ್ಲಿ ಲೋ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಆದರೆ ಲೋ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುತ್ತವೆ. ಸಡಿಲ ಮಣ್ಣಿನಲ್ಲಿ ಟಯರ್ ಜಾರಿ ಸರಿಹೋಗುತ್ತದೆ, ಡಾಂಬರಿನ ಮೇಲೆ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಈಗ ಪಂಪ್. ದಯವಿಟ್ಟು ಜಾಸ್ತಿ ಮಾಡಿಸಬೇಡಿ. ಕಪ್ಪು ಹೊಗೆ ಅಂದರೆ ಏನು? ಗಾಳಿ ಸಾಲದೆ ಅರೆಬೆಂದ ಡೀಸೆಲ್. ಈಗ ಹೋಗುತ್ತಿರುವ ಡೀಸೆಲ್ಲೇ ಅಲ್ಲಿನ ಗಾಳಿಗೆ ಹೆಚ್ಚು. ಇನ್ನೂ ಸುರಿದರೆ ಹೊಗೆ ಜಾಸ್ತಿ, ಶಾಖ ಜಾಸ್ತಿ, ಎಳೆತ ಮಾತ್ರ ಅಷ್ಟಕ್ಕಷ್ಟೇ. ನೀವು ವರ್ಷದ ಹೆಚ್ಚು ದಿನ ಮೇಲೆಯೇ ಓಡಿಸುವವರಾದರೆ ಪಂಪನ್ನು ಸ್ವಲ್ಪ ಕಡಿಮೆ ಮಾಡಿಸುವುದೇ ಸರಿ.

ಅದರ ಬದಲು ಏರ್ ಫಿಲ್ಟರ್ ಹೊರಗೆ ತೆಗೆಯಿರಿ. ಒಳಗಡೆ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಊದಿ ಮತ್ತೆ ಹಾಕುವ ಆಸೆ ಬಿಡಿ, ಹೊಸದು ಹಾಕಿ. ಫಿಲ್ಟರಿನ ಡಬ್ಬಿಗೆ ಗಾಳಿ ಬರುವ ಕೊಳವೆಯೊಳಗೂ ಕೈ ಹಾಕಿ ನೋಡಿ. ಒಂದು ಗಾಡಿಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಇಲಿ ಕಟ್ಟಿದ ಗೂಡು: ಹುಲ್ಲು, ಸೀಟಿನ ಸ್ಪಂಜು, ಒಂದು ಹಿಡಿ ಕಾಳು. ಕೆಳಗೆ ಅದರಲ್ಲೇ ಹೇಗೋ ಓಡುತ್ತಿದ್ದ ಗಾಡಿ ಬೆಟ್ಟದಲ್ಲಿ ಕೈ ಕೊಟ್ಟಿತ್ತು. ಗಾಳಿಯೇ ಕಡಿಮೆ ಇರುವ ಕಡೆ ಇಂಥ ಸಣ್ಣ ಅಡ್ಡಿಯೂ ದೊಡ್ಡದಾಗುತ್ತದೆ. ಇನ್ನು ಕೆಲವರು ಡಬ್ಬಿಯನ್ನೇ ತೆಗೆದು ಬಾನೆಟ್ ಒಳಗೆ ಬಯಲಾಗಿ ನಿಲ್ಲುವ ಶಂಕುವಿನಾಕಾರದ ಫಿಲ್ಟರ್ ಹಾಕಿಸುತ್ತಾರೆ. ಸದ್ದು ಜೋರಾಗುತ್ತದೆ, ಆದರೆ ಅದು ಎಳೆಯುವುದು ಎಂಜಿನ್ ಪಕ್ಕದ ಬಿಸಿ ಗಾಳಿ. ಗಾಳಿ 3 ಡಿಗ್ರಿ ಬಿಸಿಯಾದರೆ ಒಂದು ಶೇಕಡಾ ತೆಳುವಾಗುತ್ತದೆ. 30 ಡಿಗ್ರಿ ಬಿಸಿಯಾದರೆ ನೀವೇ ಲೆಕ್ಕ ಹಾಕಿ.

ಡೀಸೆಲ್ ಫಿಲ್ಟರ್, ಟ್ಯಾಪೆಟ್, ಕ್ಲಚ್ ಜಾರುತ್ತಿದೆಯೇ, ಇವೆಲ್ಲ ನಿಮ್ಮ ಮೆಕ್ಯಾನಿಕ್ ನೋಡುತ್ತಾರೆ. ಬ್ರೇಕ್ ಹಿಡಿದುಕೊಂಡಿದೆಯೇ ಅನ್ನುವುದನ್ನು ನೀವೇ ನೋಡಬಹುದು. ಬ್ರೇಕ್ ಹೆಚ್ಚು ಬಳಸದೆ ಸಮತಟ್ಟಿನಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಹಬ್‌ಗಳ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ನಿಮ್ಮ ಶಕ್ತಿ ಸೋರುತ್ತಿದೆ.

ಇಷ್ಟೆಲ್ಲ ಆದಮೇಲೂ ಸಾಲದು ಅನಿಸಿದರೆ ಟರ್ಬೊ ಮಾತಾಡೋಣ. 3,000 ಮೀಟರಿನಲ್ಲಿ ಗಾಳಿಯ ಒತ್ತಡ ಸುಮಾರು 0.7 ಬಾರ್, ಕೆಳಗೆ 1 ಬಾರ್. ಕಳೆದುಕೊಂಡದ್ದನ್ನು ತುಂಬಲು 0.3 ಬಾರ್ ಬೇಕು. ಒತ್ತಿದ ಗಾಳಿ ಬಿಸಿಯಾಗುವುದರಿಂದ 0.4 ಅಂದುಕೊಳ್ಳಿ. ಅಲ್ಲಿಗೆ ನಿಲ್ಲಿಸಿ. ಟರ್ಬೊ ಇಲ್ಲದೆ ಮಾಡಿದ ಹಳೆ ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವುದು, ಬಹುತೇಕ 20ಕ್ಕಿಂತ ಜಾಸ್ತಿ. ಪಿಸ್ಟನ್ ಅಡಿಗೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ವ್ಯವಸ್ಥೆಯೂ ಹೆಚ್ಚಿನವುಗಳಲ್ಲಿ ಇರುವುದಿಲ್ಲ. 1 ಬಾರ್ ಒತ್ತಿದರೆ ಹೆಡ್ ಗ್ಯಾಸ್ಕೆಟ್ ಮೊದಲು ಹೋಗುತ್ತದೆ. ಹಾಕಿಸುವುದಾದರೆ ಹೊಗೆಯ ಶಾಖ ತೋರಿಸುವ ಮೀಟರ್ ಜೊತೆಗೇ ಹಾಕಿಸಿ. ಟರ್ಬೊಗೆ ಮುಂಚೆ ಅಳೆದಾಗ 700 ಡಿಗ್ರಿ ದಾಟಿ ನಿಂತರೆ ಕಾಲು ಎತ್ತಿ, ಗೇರ್ ಇಳಿಸಿ. ಇಂಥ ಬದಲಾವಣೆ ರಸ್ತೆ ಕಾನೂನಿಗೆ ಒಪ್ಪುತ್ತದೆಯೇ ಅಂತಲೂ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನನ್ನದು ಕಾರ್ಬೊರೇಟರ್ ಇರುವ ಪೆಟ್ರೋಲ್ ಗಾಡಿ. ಎತ್ತರಕ್ಕೆ ಹೋದಾಗ ಪೆಟ್ರೋಲ್ ವಾಸನೆ ಬರುತ್ತದೆ, ಎಂಜಿನ್ ಬಿಕ್ಕುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್ ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗುತ್ತದೆ. ಕಾರ್ಬೊರೇಟರ್‌ಗೆ ಗಾಳಿ ತೆಳುವಾಗಿದ್ದು ಗೊತ್ತಾಗುವುದಿಲ್ಲ. 3,000 ಮೀಟರಿನಲ್ಲಿ ಬೇಕಾದ್ದಕ್ಕಿಂತ ಸುಮಾರು 15 ಶೇಕಡಾ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಅನೇಕ ಕಾರ್ಬೊರೇಟರುಗಳಲ್ಲಿ ಮೇನ್ ಜೆಟ್ ಮೇಲೆ ಬರೆದ ಸಂಖ್ಯೆ ತೂತಿನ ಅಳತೆ. 130 ಅಂದರೆ 1.30 ಮಿಲಿಮೀಟರ್. ಆ ಎತ್ತರಕ್ಕೆ 120ರ ಆಸುಪಾಸಿನದು ಸರಿಹೊಂದುತ್ತದೆ. ಹಾಕಿ ಒಂದು ಏರು ಹತ್ತಿಸಿ, ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣಕ್ಕೆ ಬಂದರೆ ಸರಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದರೆ ಕಿಡಿ ಹಾರುವ ಟೈಮಿಂಗ್ 2-3 ಡಿಗ್ರಿ ಮುಂದೆ ಮಾಡಿದರೂ ಎಳೆತ ಸುಧಾರಿಸುತ್ತದೆ.

ಆದರೆ ಕೆಳಗೆ ಇಳಿದ ದಿನವೇ ಹಳೆ ಜೆಟ್ ವಾಪಸ್ ಹಾಕಬೇಕು, ಟೈಮಿಂಗೂ ಹಿಂದೆ ತರಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗ್ಯಾರೇಜ್ ಶುರು ಮಾಡಿದ ಹೊಸತರಲ್ಲಿ ನನ್ನ ಸ್ವಂತ ಗಾಡಿಗೆ ಬೆಟ್ಟದ ಮೇಲೆ ಸಣ್ಣ ಜೆಟ್ ಹಾಕಿದ್ದೆ. ಹಳೆಯದನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟೆ, ಡಬ್ಬಿ ಸೀಟಿನ ಕೆಳಗೆ ಹೋಯಿತು, ನನಗೆ ಮರೆತೇ ಹೋಯಿತು. ಕೆಳಗೆ ಬಂದು ಉದ್ದದ ರಸ್ತೆಯಲ್ಲಿ ಪೂರ್ತಿ ಒತ್ತಿ ಓಡಿಸಿದೆ. ಎಂಜಿನ್ನಿನಿಂದ ಟಿಣ್ ಟಿಣ್ ಅಂತ ಸಣ್ಣ ಸದ್ದು. ಟ್ಯಾಪೆಟ್ ಇರಬೇಕು ಅಂದುಕೊಂಡೆ. ಹತ್ತು ನಿಮಿಷದಲ್ಲಿ ಎಳೆತ ಬಿತ್ತು, ಎಣ್ಣೆ ಹಾಕುವ ಮುಚ್ಚಳದಿಂದ ಹೊಗೆ ಬಂತು. ಹೆಡ್ ಬಿಚ್ಚಿದರೆ ಮೂರನೇ ಪಿಸ್ಟನ್ ನಡುವೆ ಕಿರುಬೆರಳು ತೂರುವಷ್ಟು ತೂತು. ಅಂಚು ಮೇಣದ ಹಾಗೆ ಕರಗಿ ಇಳಿದಿತ್ತು. ಆ ಪ್ಲಗ್ಗಿನ ಪಿಂಗಾಣಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದಾಗ ಆಗುವುದು ಇದೇ. ಅಂದಿನಿಂದ ತೆಗೆದ ಜೆಟ್ಟನ್ನು ತಂತಿಯಲ್ಲಿ ಪೋಣಿಸಿ ಗಾಡಿಯ ಕೀ ಜೊತೆಗೇ ಕಟ್ಟುತ್ತೇನೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ಗಾಡಿ ಹೊಸದು, ಟರ್ಬೊ ಡೀಸೆಲ್, ಕಂಪ್ಯೂಟರ್ ಇರುವಂಥದ್ದು. ಎತ್ತರದಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಸತ್ತಂತೆ ಇರುತ್ತದೆ. ಟ್ಯೂನಿಂಗ್ ಬಾಕ್ಸ್ ಹಾಕಿಸಲೇ?

ಉತ್ತರ: ಬೆಟ್ಟಕ್ಕಾಗಿ ಅಂತಾದರೆ ಬೇಡ ಅನ್ನುತ್ತೇನೆ. ಟರ್ಬೊ ಎತ್ತರದ ಕಾಯಿಲೆಗೆ ನಿಜವಾದ ಮದ್ದು. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಲಿಬರ್ಟಿ ಎಂಜಿನ್ನನ್ನು 14,000 ಅಡಿಗಿಂತ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ 356 ಕೊಟ್ಟಿತು. ಈ ಸಂಖ್ಯೆಗಳನ್ನು ನಾನು ಗ್ಯಾರೇಜಿನ ಗೋಡೆಯ ಮೇಲೆ ಬರೆದಿಟ್ಟಿದ್ದೆ, ಅಷ್ಟು ಇಷ್ಟ ನನಗೆ.

ಆದರೆ ಆ ಕೆಲಸಕ್ಕೆ ಟರ್ಬೊ ತನ್ನ ಮಾಮೂಲಿಗಿಂತ ಜೋರಾಗಿ ತಿರುಗಬೇಕು. ಸಣ್ಣ ಟರ್ಬೊಗಳು ನಿಮಿಷಕ್ಕೆ 1.5 ಲಕ್ಷ ಸುತ್ತು ದಾಟುತ್ತವೆ. ಮಿತಿ ಮೀರದಿರಲಿ ಅಂತ ಎತ್ತರದಲ್ಲಿ ಕಂಪ್ಯೂಟರ್ ತಾನೇ ಡೀಸೆಲ್ ಕಡಿತ ಮಾಡುತ್ತದೆ. ಅನೇಕ ಬಾಕ್ಸುಗಳು ಮಾಡುವುದು ಡೀಸೆಲ್ ಒತ್ತಡ ಕಡಿಮೆ ಇದೆ ಅಂತ ಆ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಕಾವಲಿಗೆ ನಿಂತವನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಮೊದಲು ಟರ್ಬೊದಿಂದ ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳನ್ನು ನೋಡಿ. ಕ್ಲಾಂಪಿನ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ, ಒಂದು ದಿನ ಓಡಿಸಿ ಮತ್ತೆ ಒರೆಸಿ. ಬಟ್ಟೆಗೆ ಎಣ್ಣೆ ಹತ್ತಿದರೆ ಅಲ್ಲಿ ಗಾಳಿ ಸೋರುತ್ತಿದೆ. ಸೋರಿಕೆ ಇಲ್ಲದಿದ್ದರೆ ಗೇರ್ ಒಂದು ಕೆಳಗಿಟ್ಟು 2,000 ಆರ್‌ಪಿಎಂ ಮೇಲೆ ಓಡಿಸಿ. ಎತ್ತರದಲ್ಲಿ ಟರ್ಬೊ ತಡವಾಗಿ ಎದ್ದೇಳುತ್ತದೆ, ಅಷ್ಟೇ.

ಪ್ರಶ್ನೆ: ಉದ್ದದ ಏರಿನಲ್ಲಿ ರೇಡಿಯೇಟರ್ ಕುದಿಯುತ್ತದೆ. ಕೆಳಗೆ ಯಾವತ್ತೂ ಹಾಗಾಗಿಲ್ಲ. ದೊಡ್ಡ ರೇಡಿಯೇಟರ್ ಬೇಕೇ?

ಉತ್ತರ: ಮುಚ್ಚಳ ಬದಲಿಸಿ ನೋಡಿ. 3,000 ಮೀಟರಿನಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ತಡೆಯುವ ಒಳ್ಳೆ ಮುಚ್ಚಳ ಇದ್ದರೆ ಆ ಎತ್ತರದಲ್ಲೂ 113 ಡಿಗ್ರಿವರೆಗೆ ತಡೆಯುತ್ತದೆ, ಕೆಳಗಾದರೆ 119. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ, ಕುದಿಯುವ ಮಟ್ಟ 90ರ ಕಡೆಗೆ ಇಳಿಯುತ್ತದೆ. ಆಮೇಲೆ ರೇಡಿಯೇಟರಿನ ರೆಕ್ಕೆಗಳ ನಡುವಿನ ಕೆಸರು, ಹುಳುಗಳನ್ನು ಎಂಜಿನ್ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ದಾರಿಯಲ್ಲಿ ಸೂಜಿ ಮೇಲೇರಲು ಶುರುವಾದರೆ, ನೀರು ಹೊರಚೆಲ್ಲುವ ಮೊದಲೇ ಗಾಡಿಯ ಮೂತಿ ಗಾಳಿಗೆ ತಿರುಗಿಸಿ ನಿಲ್ಲಿಸಿ. ಎಂಜಿನ್ ಆಫ್ ಮಾಡದೆ 1,200 ಆರ್‌ಪಿಎಂನಲ್ಲಿ ಬಿಡಿ, ಸೂಜಿ ಇಳಿಯುವವರೆಗೆ ಕಾಯಿರಿ. ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ಒತ್ತಲು ಆಗುವಷ್ಟು ತಣ್ಣಗಾದ ಮೇಲೆ ತೆಗೆಯಿರಿ.