ಹಲ್ಗೇರಾ ಅಂತ ಬರೆದಿದ್ದು ಉರ್ದು ಲಿಪಿಯ ಕಾರಣಕ್ಕೆ

ಯಾದಗಿರಿ ಹತ್ತಿರದ ನಿಮ್ಮೂರು ಜನರ ಬಾಯಲ್ಲಿ ಹಳಗೇರಾ, ಹಳೆ ಕಾಗದದಲ್ಲಿ ಹಲ್ಗೇರಾ, ಯಾವುದು ಮೂಲ ಅಂತ ಕೇಳಿದ್ದೀರಿ. 1948ರವರೆಗೆ ಇಲ್ಲಿ ನಿಜಾಮರ ಆಡಳಿತ, ದಫ್ತರವೆಲ್ಲ ಉರ್ದುವಿನಲ್ಲಿ. ಉರ್ದುವಿನಲ್ಲಿ 'ಳ' ಇಲ್ಲ, ಹ್ರಸ್ವ ಸ್ವರವನ್ನೂ ಸಾಮಾನ್ಯವಾಗಿ ಬರೆಯೋದಿಲ್ಲ. ಹಾಗಾಗಿ ಜನರ ಬಾಯಿಯನ್ನೇ ನಂಬಿ.

'ಗೇರಾ' ಹೆಚ್ಚಾಗಿ 'ಕೆರೆ'ಯಿಂದ ಬಂದದ್ದು. ಹಳೆ ಕೆರೆ, ಹಳಗೆರೆ, ಹಳಗೇರಾ. ಆದರೆ 'ಕೇರಿ'ಯೂ ಆಗಿರಬಹುದು, ಅದನ್ನು ನೆಲವೇ ಹೇಳಬೇಕು.

ಮೊದಲು ಊರ ಸುತ್ತ ತಗ್ಗಿನ ಕಡೆ ನಡೆದು ನೋಡಿ. ಒಡೆದ ಏರಿ, ಕಲ್ಲು ಕಟ್ಟಿದ ತೂಬು ಸಿಕ್ಕರೆ ಅರ್ಧ ಕೆಲಸ ಮುಗೀತು. ಕೆರೆ ಬತ್ತಿ ಹೊಲವಾಗಿದ್ದರೂ ಹೆಸರು ಉಳಿದಿರುತ್ತದೆ, ಅಲ್ವಾ? ಹಿರಿಯರನ್ನು 'ಕೆರಿ ಹೊಲ ಯಾವುದು' ಅಂತಲೇ ಕೇಳಿ. ಊರಿನ ಅರ್ಥ ಕೇಳಿದರೆ ಕಥೆ ಜಾಸ್ತಿ ಬರುತ್ತದೆ.

ಆಮೇಲೆ ಹಳೆ ಗ್ರಾಮ ನಕ್ಷೆ ತೆಗೆಸಿ. ಹೆಸರಿನ ಮುಂದೆ (ಬಿ), (ಕೆ) ಇದ್ದರೆ ಅದು ಬುದ್ರುಕ, ಖುರ್ದ. ಅಂದರೆ ದೊಡ್ಡದು, ಸಣ್ಣದು. ಮೂಲ ಹೆಸರಿಗೆ ಸೇರಿದ್ದಲ್ಲ.

ಗುಡಿ ಹತ್ತಿರ ಶಾಸನದ ಕಲ್ಲಿದ್ದರೆ ಬೆಳಗಿನ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ. ಎಣ್ಣೆ, ಸುಣ್ಣ ಹಚ್ಚಬೇಡಿ. ಅದರಲ್ಲಿ 'ಹ' ಬದಲು 'ಪ' ಹುಡುಕಿ. ಪಳ್ಳಿ ಹಳ್ಳಿಯಾದ ಹಾಗೆ, ಹಳೆಯ ಕಲ್ಲಲ್ಲಿ ನಿಮ್ಮೂರು 'ಪ'ದಿಂದಲೇ ಶುರುವಾಗಿರಬಹುದು.