ಪಿಕಪ್ ಕೊಳ್ಳುವ ಮುಂಚೆ ವಾಪಸ್ ದಾರಿಯ ಲೆಕ್ಕ

(ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆ ಕೇಳಲು ಬಂದವರು ಟೆಕ್ಸಸ್‌ನ ಡಲ್ಲಾಸ್ ಕಡೆ ಇರುವ ಕನ್ನಡದ ದಂಪತಿ. ಗಂಡನಿಗೆ ನಲವತ್ತು ದಾಟಿದೆ, ಗ್ರೀನ್ ಕಾರ್ಡ್ ಇದೆ. ಸಾಫ್ಟ್‌ವೇರ್ ಕೆಲಸ ಹೋಗಿ ಹಲವು ತಿಂಗಳಾಗಿತ್ತು. ವಿಡಿಯೋ ಕಾಲ್‌ಗೆ ಕೂತ ಕೂಡಲೇ ಹೆಂಡತಿ ಹೇಳಿದ್ದು: "ಮೇಡಂ, ಇವರು ರಿಟೈರ್‌ಮೆಂಟ್ ದುಡ್ಡು ತೆಗೆದು ಲಾರಿ ತಗೋತಾರಂತೆ. ನೀವಾದ್ರೂ ಬೇಡ ಅನ್ನಿ."

"ಲಾರಿ ಅಲ್ಲ, ಪಿಕಪ್," ಅಂದರು ಗಂಡ. ಅವತ್ತು ಅವರು ಹೆಚ್ಚು ಮಾತಾಡಲಿಲ್ಲ.

ಅವರು ಮಾಡಬೇಕೆಂದಿದ್ದು ಹಾಟ್‌ಶಾಟ್ ಕೆಲಸ. ಹಿಂದೆ ನಾಲ್ಕು ಚಕ್ರವಿರುವ ದೊಡ್ಡ ಪಿಕಪ್‌ಗೆ ಉದ್ದದ ಫ್ಲಾಟ್‌ಬೆಡ್ ಟ್ರೈಲರ್ ಕಟ್ಟಿ ಅವಸರದ ಸಾಮಾನು ಸಾಗಿಸುವುದು. ಟೆಕ್ಸಸ್‌ನ ಎಣ್ಣೆ ಬಾವಿಗಳಿಗೆ ಬಿಡಿಭಾಗ ಓಡಿಸುತ್ತಾ ಬೆಳೆದ ದಂಧೆ ಇದು. ಈಗ ಟ್ರ್ಯಾಕ್ಟರ್, ಕಬ್ಬಿಣ, ಕಾರು ಎಲ್ಲವೂ ಹೋಗುತ್ತವೆ.

ಮುಂದಿನ ಸಲ ಅವರೊಬ್ಬರನ್ನೇ ಕೂರಿಸಿಕೊಂಡು, ಇದರಲ್ಲಿ ನಿಮಗೆ ಏನು ಇಷ್ಟವಾಯಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಟರ್‌ವ್ಯೂ ಇಲ್ಲ ಮೇಡಂ. ಲೋಡ್ ಇಳಿಸಿದ್ರೆ ದುಡ್ಡು. ಯಾರೂ ನನ್ನ ರಿಜೆಕ್ಟ್ ಮಾಡಲ್ಲ," ಅಂದರು. ಊಟದ ಹೊತ್ತಲ್ಲೂ ಫೋನಿನಲ್ಲಿ ಲೋಡ್ ಬೋರ್ಡ್ (ಸಾಗಿಸಬೇಕಾದ ಸಾಮಾನುಗಳ ಆನ್‌ಲೈನ್ ಪಟ್ಟಿ) ತೆರೆದು ಕೂರುತ್ತಾರೆ ಅನ್ನೋದು ಹೆಂಡತಿಯ ದೂರು. ಅವರಿಗೆ ಮಾತ್ರ ಅದು, ಬೇಡ ಅನ್ನಿಸಿಕೊಳ್ಳದೆ ದುಡಿಯಬಹುದಾದ ಒಂದೇ ಜಾಗ.

ಆದರೆ ನಿಜ ಹೇಳಲೇಬೇಕಲ್ವಾ. ಹೊಸದಾಗಿ ಅಥಾರಿಟಿ (ಬಾಡಿಗೆಗೆ ಸಾಮಾನು ಸಾಗಿಸಲು ಸರ್ಕಾರ ಕೊಡುವ ಪರವಾನಗಿ) ತೆಗೆದುಕೊಂಡವರಿಗೆ ಮೊದಲ ಕೆಲವು ತಿಂಗಳು ಲೋಡ್ ಕೊಡದ ಬ್ರೋಕರ್‌ಗಳು ಬೇಕಾದಷ್ಟಿದ್ದಾರೆ. ಅಲ್ಲೂ 'ಇಲ್ಲ' ಕೇಳಬೇಕಾಗುತ್ತದೆ, ಅದೂ ಗಾಡಿಯ ಕಂತು ಕಟ್ಟುತ್ತಾ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಆಮೇಲೆ ಇಬ್ಬರನ್ನೂ ಕೂರಿಸಿ, ಬೇಕು–ಬೇಡ ಪಕ್ಕಕ್ಕಿಡಿ, ಒಂದೇ ಒಂದು ಟ್ರಿಪ್ಪಿನ ಲೆಕ್ಕ ಬರೆಯಿರಿ ಅಂದೆ. ಮಗಳ ಹಳೇ ನೋಟ್‌ಬುಕ್ ಬಂತು. ಗಂಡ ಬರೆದರು: ಡಲ್ಲಾಸ್‌ನಿಂದ ಮಿಡ್‌ಲ್ಯಾಂಡ್, ಸುಮಾರು 330 ಮೈಲಿ, ಮೈಲಿಗೆ 2 ಡಾಲರ್, ಒಟ್ಟು 660. ಹೆಂಡತಿ ಪೆನ್ನು ಇಸಿದುಕೊಂಡು ಕೆಳಗೆ ಬರೆದರು: "ವಾಪಸ್ ಖಾಲಿ, 330." ಅಲ್ಲಿಗೆ ಮೈಲಿಗೆ 1 ಡಾಲರ್ ಆಯಿತು. ಗ್ಯಾಲನ್‌ಗೆ 10 ಮೈಲಿ, ಡೀಸೆಲ್ 3.50 ಡಾಲರ್ ಅಂತ ಹಿಡಿದರೂ ಹೋಗಿಬರುವ ಡೀಸೆಲ್‌ಗೇ 231 ಡಾಲರ್ ಹೊರಟಿತು. ಬಿಲ್ಲಿನ ದುಡ್ಡು ಬರಲು ತಿಂಗಳು ಕಾಯಬೇಕು. ಬೇಗ ಬೇಕಂದರೆ ಫ್ಯಾಕ್ಟರಿಂಗ್ ಕಂಪನಿ ಶೇಕಡಾ 3ರಷ್ಟು ಮುರಿದುಕೊಂಡು ಕೊಡುತ್ತದೆ. ಉಳಿದದ್ದು 410ರ ಆಸುಪಾಸು. ಅದರಲ್ಲೇ ಕಂತು, ಟೈರು, ರಿಪೇರಿ, ಇನ್ಶೂರೆನ್ಸ್. ಕಾನೂನಿನ ಪ್ರಕಾರ 7,50,000 ಡಾಲರ್ ಹೊಣೆಗಾರಿಕೆ ವಿಮೆ ಸಾಕಾದರೂ ಬ್ರೋಕರ್‌ಗಳು ಸಾಮಾನ್ಯವಾಗಿ 10 ಲಕ್ಷದ್ದೇ ಕೇಳುತ್ತಾರೆ, ಹೊಸಬರಿಗೆ ಪ್ರೀಮಿಯಂ ಬೇರೆ ಜಾಸ್ತಿ. ಲಾಭದ ಮೇಲೆ ಸ್ವಂತ ಉದ್ಯೋಗದ ತೆರಿಗೆ ಶೇಕಡಾ 15.3. ಮನೆಯವರ ಆರೋಗ್ಯ ವಿಮೆಯನ್ನು ಅವರು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಸಿಡಿಎಲ್ (ಭಾರಿ ಗಾಡಿ ಓಡಿಸುವ ವಾಣಿಜ್ಯ ಲೈಸೆನ್ಸ್) ಇಲ್ಲದೆ ಮಾಡ್ತೀನಿ ಅನ್ನೋದು ಅವರ ಇನ್ನೊಂದು ಆಸೆ. ಗಾಡಿ, ಟ್ರೈಲರ್‌ಗೆ ತಯಾರಕರು ನಿಗದಿ ಮಾಡಿದ ಒಟ್ಟು ತೂಕ (ಲೋಡ್ ಸೇರಿ) 26,000 ಪೌಂಡ್ ಮೀರದಿದ್ದರೆ ಆಗುತ್ತದೆ. ಆದರೆ ಅವೆರಡರ ಖಾಲಿ ತೂಕವೇ ಅದರ ಅರ್ಧಕ್ಕಿಂತ ಜಾಸ್ತಿ. ಮಿಕ್ಕಿದ್ದಕ್ಕೆ ಹೊಂದುವ ಲೋಡ್‌ಗೆ ಪೈಪೋಟಿ ವಿಪರೀತ.

ಹಾಗಂತ ಈ ಕೆಲಸ ನಡೆಯೋದೇ ಇಲ್ಲ ಅಂತ ನಾನು ಹೇಳಲ್ಲ. ಕಬ್ಬಿಣದ ಯಾರ್ಡ್, ಟ್ರ್ಯಾಕ್ಟರ್ ಡೀಲರ್, ಹೀಗೆ ಖಾಯಂ ಗಿರಾಕಿ ನೇರವಾಗಿ ಇರುವವರಿಗೆ, ಗಾಡಿಯ ಸಾಲ ತೀರಿಸಿಕೊಂಡವರಿಗೆ ನಡೆಯುತ್ತದೆ. ಬರೀ ಲೋಡ್ ಬೋರ್ಡ್ ನಂಬಿ, ಸಾಲದ ಗಾಡಿ ಹತ್ತಿದವರಿಗೆ ಕಷ್ಟ. 2021ರಲ್ಲಿ ಸಾಗಣೆ ಬಾಡಿಗೆ ಏರಿದಾಗ ಎಷ್ಟೋ ಜನ ಈ ದಂಧೆಗೆ ಇಳಿದರು, 2022ರಲ್ಲಿ ದರ ಬಿದ್ದಾಗ ಹೊಸಬರಿಗೇ ಮೊದಲು ಪೆಟ್ಟು ಬಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ರಿಟೈರ್‌ಮೆಂಟ್ ದುಡ್ಡು ಮುಟ್ಟಬೇಡಿ. ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಆದಾಯ ತೆರಿಗೆಯ ಮೇಲೆ ಇನ್ನೂ ಶೇಕಡಾ 10 ದಂಡ ಬೀಳುತ್ತದೆ. ಮೊದಲು ಬೇರೆಯವರ ಗಾಡಿಯಲ್ಲಿ ಸಂಬಳಕ್ಕೆ ಓಡಿಸಿ. ರಾತ್ರಿ ಪಾರ್ಕಿಂಗ್‌ನಲ್ಲಿ ಮಲಗೋದು, ಬಿಸಿಲಲ್ಲಿ ಚೈನ್ ಬಿಗಿಯೋದು, ಮಕ್ಕಳನ್ನು ಬಿಟ್ಟಿರೋದು ಮೈಗೆ ಒಗ್ಗುತ್ತದಾ ನೋಡಿ. ಹೋದ ಮೈಲಿ, ಖಾಲಿ ಬಂದ ಮೈಲಿ ಎರಡನ್ನೂ ಅದೇ ನೋಟ್‌ಬುಕ್ಕಿಗೆ ಹಾಕಿ. ಎಷ್ಟು ನಷ್ಟವಾದರೆ ನಿಲ್ಲಿಸೋದು ಅಂತ ಈಗಲೇ ಇಬ್ಬರೂ ಒಪ್ಪಿಕೊಳ್ಳಿ. ಹೆಂಡತಿಗೆ ಬೇರೆಯಾಗಿ ಹೇಳಿದೆ: ಲೆಕ್ಕ ಕೇಳಿ, ಗಟ್ಟಿಯಾಗಿಯೇ ಕೇಳಿ. ಆದರೆ "ಇಂಜಿನಿಯರ್ ಆಗಿ ಡ್ರೈವರ್ ಕೆಲಸಾನಾ" ಅನ್ನೋ ಮಾತು ಮನೆಯಲ್ಲಿ ಬೇಡ. ಅವರು ಕುಗ್ಗಿರುವುದೇ ಆ ಜಾಗದಲ್ಲಿ.

ಈಗ ಅವರು ಒಬ್ಬ ಮಾಲೀಕರ ಗಾಡಿ ಓಡಿಸುತ್ತಿದ್ದಾರೆ, ಕೆಲಸಕ್ಕೆ ಅರ್ಜಿ ಹಾಕುವುದನ್ನೂ ಮತ್ತೆ ಶುರು ಮಾಡಿದ್ದಾರೆ. ಪಿಕಪ್ ಖರೀದಿಯ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ.

ಇದನ್ನು ಓದಿ ಯಾರಾದರೂ ಹೊರಡುವ ಮುಂಚೆ ಇನ್ನೊಂದು ಮಾತು. ಇವರಿಗೆ ಗ್ರೀನ್ ಕಾರ್ಡ್ ಇತ್ತು. ಎಚ್-1ಬಿ ಕೆಲಸದ ವೀಸಾದಲ್ಲಿರುವವರು ಹೀಗೆ ಬಿಡುವಿನಲ್ಲಿ ಗಾಡಿ ಓಡಿಸಿ ದುಡಿದರೆ ವೀಸಾಕ್ಕೇ ಕುತ್ತು. ಹೆಂಡತಿಯ ಹೆಸರಲ್ಲಿ ಕಂಪನಿ ಮಾಡಿ ಸ್ಟೀರಿಂಗ್ ತಾವೇ ಹಿಡಿದರೂ ಅಷ್ಟೇ. ಮೊದಲು ವಲಸೆ ವಕೀಲರನ್ನು ಕೇಳಿ.