ಕೆಂಡದ ಸುತ್ತ ನಾಲ್ಕು ಗ್ರಹಗಳು

ಪ್ರಶ್ನೆ: ನಾನು ಬರೆಯುತ್ತಿರುವ ವಿಜ್ಞಾನ ಕಥೆ ‘ಕೆಂಡ’ ಎಂಬ ಕಲ್ಪಿತ ಕೆಂಪು ಕುಬ್ಜ ನಕ್ಷತ್ರದ ಸುತ್ತ ನಡೆಯುತ್ತದೆ. ಅದು ನಮ್ಮಿಂದ 14 ಜ್ಯೋತಿರ್ವರ್ಷ ದೂರದಲ್ಲಿದೆ, ಅದಕ್ಕೆ ನಾಲ್ಕು ಗ್ರಹಗಳಿವೆ. ಅಲ್ಲಿಗೆ ಹೋದ ಮೊದಲ ನೌಕೆಯ ನಾಯಕಿ ಮೂರನೆಯ ಗ್ರಹದಲ್ಲಿ ಇಳಿದು ಸೂರ್ಯೋದಯ ನೋಡುತ್ತಾಳೆ, ಭೂಮಿಗೆ ಸುದ್ದಿ ಕಳಿಸುತ್ತಾಳೆ. ಇದು ವಿಜ್ಞಾನಕ್ಕೆ ಒಪ್ಪುತ್ತದೆಯೇ? ಹಸ್ತಪ್ರತಿ ಜೊತೆಗಿದೆ.

ಉತ್ತರ: ಹಸ್ತಪ್ರತಿಯನ್ನು ಎರಡು ಸಲ ಓದಿದೆ. ನಕ್ಷತ್ರಕ್ಕೆ ನೀವಿಟ್ಟ ಹೆಸರು ನನಗೆ ತುಂಬಾ ಹಿಡಿಸಿತು. ಸೂರ್ಯನಿಗಿಂತ ಚಿಕ್ಕದಾದ, ಕಾವು ಕಡಿಮೆಯಿರುವ ನಕ್ಷತ್ರಗಳೇ ಕೆಂಪು ಕುಬ್ಜಗಳು; ಅವುಗಳ ಸ್ವಭಾವವೇ ಬೂದಿ ಮುಚ್ಚಿದ ಕೆಂಡದ್ದು. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯೂ ಒಂದು ಕೆಂಪು ಕುಬ್ಜ. 4.24 ಜ್ಯೋತಿರ್ವರ್ಷ ದೂರದಲ್ಲಿದ್ದರೂ ಅದು ಬರಿಗಣ್ಣಿಗೆ ಕಾಣದಷ್ಟು ಮಂಕು. ಅದೇ ನಕ್ಷತ್ರ 2016ರ ಮಾರ್ಚ್‌ನಲ್ಲಿ ಒಮ್ಮೆ ಭುಗಿಲೆದ್ದಾಗ ಅದರ ಹೊಳಪು ಸ್ವಲ್ಪ ಹೊತ್ತು ಸುಮಾರು 68 ಪಟ್ಟು ಏರಿತ್ತು. ನಿಮ್ಮ ಕೆಂಡವೂ ಕಥೆಯಲ್ಲಿ ಒಮ್ಮೆಯಾದರೂ ಹಾಗೆ ಸಿಡಿಯಬೇಕು. ಬಣ್ಣವನ್ನು ಮಾತ್ರ ‘ರಕ್ತಗೆಂಪು’ ಎಂದಿದ್ದೀರಿ, ಅದನ್ನು ತೆಗೆಯಿರಿ. ಇಂಥ ನಕ್ಷತ್ರಗಳ ಮೇಲ್ಮೈ ಉಷ್ಣತೆ ಸುಮಾರು 3,000 ಕೆಲ್ವಿನ್. ಹಳೆಯ ತಂತಿ ಬಲ್ಬಿನ ತಂತಿಯೂ ಹೆಚ್ಚುಕಡಿಮೆ ಅಷ್ಟೇ ಕಾದಿರುತ್ತದೆ. ನಾಯಕಿಯ ಕೈ ಮೇಲೆ ಬೀಳುವುದು ಆ ಬಲ್ಬಿನ ಹಳದಿ ಬೆಳಕು.

ಇನ್ನು ಸೂರ್ಯೋದಯ. ಕೆಂಡದ ಕಾವು ಕಡಿಮೆಯಾದ್ದರಿಂದ ನೀರು ಹೆಪ್ಪುಗಟ್ಟದೆ ಇರಬೇಕಾದರೆ ಗ್ರಹ ಅದರ ಮಗ್ಗುಲಲ್ಲೇ ಸುತ್ತಬೇಕು. 2016ರಲ್ಲಿ ಪ್ರಕಟವಾದ ಪ್ರಾಕ್ಸಿಮಾ ಬಿ ಗ್ರಹಕ್ಕೆ ಒಂದು ವರ್ಷವೆಂದರೆ 11.2 ದಿನ, ನಕ್ಷತ್ರದಿಂದ ಅದರ ದೂರ ಸುಮಾರು 70 ಲಕ್ಷ ಕಿಲೋಮೀಟರ್. ಅಷ್ಟು ಸಮೀಪದಿಂದ ಆ ಪುಟ್ಟ ನಕ್ಷತ್ರ ನಮ್ಮ ಸೂರ್ಯನ ಮೂರು ಪಟ್ಟು ಅಗಲವಾಗಿ ಕಾಣುತ್ತದೆ. ಇಷ್ಟು ಹತ್ತಿರದ ಗ್ರಹ, ಚಂದ್ರ ನಮಗೆ ಒಂದೇ ಮುಖ ತೋರಿಸುವಂತೆ, ತನ್ನ ನಕ್ಷತ್ರಕ್ಕೆ ಒಂದೇ ಮುಖ ತೋರಿಸುತ್ತಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಒಂದು ಮಗ್ಗುಲಲ್ಲಿ ಎಂದೂ ಮುಗಿಯದ ಹಗಲು, ಇನ್ನೊಂದರಲ್ಲಿ ಎಂದೂ ಹರಿಯದ ಇರುಳು, ನಡುವೆ ಮುಸ್ಸಂಜೆಯ ಒಂದು ಪಟ್ಟಿ. ಅಲ್ಲಿ ಕಾದು ಕುಳಿತರೆ ಸೂರ್ಯೋದಯ ಆಗುವುದಿಲ್ಲ. ನಾಯಕಿ ಇರುಳಿನ ಕಡೆಯಿಂದ ನಡೆದು ಬರಬೇಕು. ಅವಳ ಹೆಜ್ಜೆಯ ವೇಗದಲ್ಲೇ ನಕ್ಷತ್ರ ಮೇಲೇರಬೇಕು. ನಿಮ್ಮ ಮೊದಲ ಅಧ್ಯಾಯಕ್ಕೆ ಇದು ಇನ್ನೂ ಚೆನ್ನಾಗಿ ಒದಗುತ್ತದೆ ಎಂದು ನನಗನ್ನಿಸುತ್ತದೆ.

ನನ್ನ ನಿಜವಾದ ತಕರಾರು ಹನ್ನೊಂದನೆಯ ಪುಟದ್ದು. ನಾಲ್ಕನೆಯ ಗ್ರಹವನ್ನು ನಾಯಕಿ ನೌಕೆಯ ಕಿಟಕಿಯಿಂದ ಮೊಟ್ಟಮೊದಲ ಬಾರಿಗೆ ಕಾಣುತ್ತಾಳೆ ಎಂದು ಬರೆದಿದ್ದೀರಿ. ಕೆಂಡದ ಅನ್ವೇಷಣೆ ಆ ಹೊತ್ತಿಗೆ ಎಷ್ಟೋ ಕಾಲದಿಂದ ನಡೆದಿರುತ್ತದೆ, ಅದೂ ಭೂಮಿಯ ಮೇಲೆ. ಗ್ರಹ ಸುತ್ತುವಾಗ ನಕ್ಷತ್ರವನ್ನೂ ತುಸು ಎಳೆದಾಡುತ್ತದೆ. ಆ ಓಲಾಟ ನಕ್ಷತ್ರದ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಕಾಣುತ್ತದೆ. ಪ್ರಾಕ್ಸಿಮಾ ಬಿ ತನ್ನ ನಕ್ಷತ್ರವನ್ನು ಅಲುಗಿಸುವ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್, ಅಂದರೆ ಮನುಷ್ಯ ನಡೆಯುವ ವೇಗ. ನಾಲ್ಕು ಜ್ಯೋತಿರ್ವರ್ಷ ಆಚೆಗಿನ ನಕ್ಷತ್ರದ ನಡಿಗೆಯನ್ನು ಒಂದು ಕೋಣೆಯಲ್ಲಿ ಕುಳಿತು ಅಳೆದರು! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ಕೆಲಸದಲ್ಲಿ ತಪ್ಪೂ ಆಗುತ್ತದೆ. ಆರು ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರದ ಕಥೆ ಕೇಳಿ. ಖಗೋಳ ವಿಜ್ಞಾನಿ ಪೀಟರ್ ವಾನ್ ಡೆ ಕಾಂಪ್ ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದಲ್ಲಿ 1938ರಿಂದ ಅದರ ಛಾಯಾಚಿತ್ರ ತೆಗೆಯುತ್ತಾ ಬಂದರು. ಎರಡು ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳನ್ನು ಅಳೆದು, ಗುರುಗ್ರಹಕ್ಕಿಂತ ದೊಡ್ಡದೊಂದು ಗ್ರಹ ಅಲ್ಲಿದೆ ಎಂದು 1963ರಲ್ಲಿ ಸಾರಿದರು. ಅವರು ಹುಡುಕುತ್ತಿದ್ದ ಓಲಾಟ ಫಲಕದ ಮೇಲೆ ಒಂದು ಮೈಕ್ರಾನಿನಷ್ಟು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 1973ರಲ್ಲಿ ಬೇರೆಯವರು ಬೇರೆ ದೂರದರ್ಶಕಗಳ ಫಲಕಗಳನ್ನು ಅಳೆದಾಗ ಓಲಾಟ ಸಿಗಲೇ ಇಲ್ಲ. ಸ್ಪ್ರೌಲ್‌ನ ಫಲಕಗಳಲ್ಲಿ ಬೇರೆ ನಕ್ಷತ್ರಗಳೂ ಅದೇ ಕಾಲಕ್ಕೆ ಜಿಗಿದಂತೆ ಕಂಡವು. ಆ ಜಿಗಿತ ದೂರದರ್ಶಕದ ಮಸೂರವನ್ನು ಸರಿಪಡಿಸಿದ ಸಮಯಕ್ಕೆ ಹೊಂದುತ್ತಿತ್ತು. ಅಲುಗಿದ್ದು ಯಂತ್ರ.

ಅಷ್ಟರಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ 1973ರಿಂದ 1978ರವರೆಗೆ ‘ಡೀಡಲಸ್’ ಎಂಬ ಮಾನವರಹಿತ ನೌಕೆಯ ನಕ್ಷೆ ತಯಾರಿಸಿತ್ತು. ಅದರ ಗುರಿಯೂ ಬರ್ನಾರ್ಡ್ ನಕ್ಷತ್ರವೇ, ಕಾರಣ ಅಲ್ಲಿ ಗ್ರಹಗಳಿವೆ ಎಂಬ ಮಾತು. ಬೆಳಕಿನ ಶೇಕಡ 12ರ ವೇಗದಲ್ಲಿ ಸುಮಾರು 50 ವರ್ಷ ಸಾಗಿ, ನಿಲ್ಲದೆ ಹಾದುಹೋಗುವ ಯೋಜನೆ ಅದು. ವಾನ್ ಡೆ ಕಾಂಪ್ ತಮ್ಮ ಗ್ರಹದ ಮೇಲಿನ ನಂಬಿಕೆಯನ್ನು ಬಿಡದೆ 1995ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸೂರ್ಯನಂಥ ನಕ್ಷತ್ರವೊಂದನ್ನು ಸುತ್ತುವ ಮೊದಲ ಗ್ರಹ 51 ಪೆಗಾಸಿ ಬಿ ಪತ್ತೆಯಾಯಿತು. ಬರ್ನಾರ್ಡ್ ನಕ್ಷತ್ರಕ್ಕೆ ನಿಜವಾಗಿ ಗ್ರಹವಿದೆ ಎಂದು ತಿಳಿದದ್ದು 2024ರಲ್ಲಿ. ಮರುವರ್ಷ ನಾಲ್ಕು ಗ್ರಹಗಳು ಖಚಿತವಾದವು. ನಿಮ್ಮ ಕೆಂಡಕ್ಕೂ ನಾಲ್ಕೇ! ಅಲ್ಲಿಯ ನಾಲ್ಕೂ ಭೂಮಿಗಿಂತ ಹಗುರ, ನಾಲ್ಕೂ ಒಂದು ವಾರದೊಳಗೆ ಸುತ್ತು ಮುಗಿಸುತ್ತವೆ. ವಾನ್ ಡೆ ಕಾಂಪ್ ಹೇಳಿದ ದೈತ್ಯ ಗ್ರಹಕ್ಕೂ ಇವಕ್ಕೂ ಸಂಬಂಧವಿಲ್ಲ.

ಆದ್ದರಿಂದ ಫಲಕ ಅಳೆಯುವ ಒಬ್ಬ ವ್ಯಕ್ತಿಯನ್ನು ನಿಮ್ಮ ಕಥೆಯೊಳಗೆ ತನ್ನಿ. ಮೂರು ಗ್ರಹಗಳನ್ನು ಸರಿಯಾಗಿ ಗುರುತಿಸಿದವರು, ನಾಲ್ಕನೆಯದರ ಬಗ್ಗೆ ಅನುಮಾನ ಉಳಿಸಿಕೊಂಡವರು. ನಾಯಕಿಯ ಸುದ್ದಿಗೆ ಅದೇ ಸಂಜೆ ಉತ್ತರ ಬರುವುದನ್ನೂ ಬದಲಿಸಬೇಕಾಗುತ್ತದೆ. ಬೆಳಕಿನ ವೇಗದಲ್ಲಿ ಹೋದರೂ ಸುದ್ದಿ ಭೂಮಿ ಮುಟ್ಟಲು 14 ವರ್ಷ, ಉತ್ತರ ಮರಳಲು ಇನ್ನೂ 14. ‘ನಾಲ್ಕನೆಯದು ಇದೆ’ ಎಂಬ ಆಕೆಯ ಎರಡು ಪದಗಳು ಬಂದಾಗ ಆ ವ್ಯಕ್ತಿಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಲೆಕ್ಕ ಹಾಕಿ ಬರೆಯಿರಿ. ತಿದ್ದಿದ ಪ್ರತಿಯನ್ನು ಖಂಡಿತ ಕಳಿಸಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ವಾಯೇಜರ್ 1 ಯಾವುದಾದರೂ ನಕ್ಷತ್ರವನ್ನು ತಲುಪುತ್ತದೆಯೇ?

ಉತ್ತರ: ತಲುಪುವುದಿಲ್ಲ, ದೂರದಿಂದ ಹಾದುಹೋಗುತ್ತದೆ. 1977ರಲ್ಲಿ ಹೊರಟ ಆ ಮಾನವರಹಿತ ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಸುಮಾರು 40,000 ವರ್ಷಗಳ ನಂತರ ಗ್ಲೀಸೆ 445 ಎಂಬ ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ಅಂತರದಲ್ಲಿ ಹಾಯುತ್ತದೆ. ಅದೂ ಒಂದು ಕೆಂಪು ಕುಬ್ಜ.